ಪಾಲಿಶಿಗೆ ಹೋದ ಕಡಲಲಿಲ್ಲಿ

ಮಂಕಾದದ್ದಕ್ಕೆಲ್ಲ ಪಾಲಿಶ್ ಹೊಡೆಸುವುದು ಕಲಬುರಗಿಯ ಚಟ. ಅಂಗಳದ ಫರ್ಸಿಕಲ್ಲಿಗೂ ಪಾಲಿಶ್, ತಪಾಸಣೆಯವರು ಬರುವ ಕಾಲೇಜಿಗೂ ಪಾಲಿಶ್. ರಜೆ ಮುಗಿಸಿ ಬಂದ ಉಪನ್ಯಾಸಕಿ ಹರಿಪ್ರಿಯಾಗೆ ಭೂವಿಜ್ಞಾನ ವಿಭಾಗದ ಗಾಜಿನ ಕಪಾಟು ಖಾಲಿ ಕಂಡಿತು.

"ಆ ಕಲ್ಲ ಎಲ್ಲಿ ಅದ ರೀ ಸರ್?"

"ಮಬ್ಬಾಗಿತ್ತಲ್ರೀ ಮೇಡಂ, ಪಾಲಿಶ್ ಹೊಡಸಾಕ ಕಮಲಾಪುರಕ್ಕ ಕಳಿಸೀನಿ," ಎಂದರು ಪ್ರಿನ್ಸಿಪಾಲ್ ಗುರುಪ್ರಸಾದ, ಉಪಕಾರ ಮಾಡಿದವರ ಠೀವಿಯಲ್ಲಿ.

ನಿವೃತ್ತ ಪ್ರಾಧ್ಯಾಪಕರೊಬ್ಬರು ಪರದೇಶದಿಂದ ತಂದುಕೊಟ್ಟ ಕಲ್ಲು ಅದು. ಅದರ ಮೇಲೆ ಕೋಟ್ಯಂತರ ವರ್ಷ ಹಿಂದಿನ ಕಡಲಲಿಲ್ಲಿಯ ಪಳೆಯುಳಿಕೆ. ಹೆಸರು ಹೂವಿನದಾದರೂ ಕಡಲಲಿಲ್ಲಿ ಒಂದು ಪ್ರಾಣಿ. ದಂಟು, ಬಟ್ಟಲು, ಗರಿಯಂಥ ತೋಳುಗಳು ಉಬ್ಬಿ ನಿಂತಿದ್ದವು. ಯಂತ್ರ ಒಂದು ಸುತ್ತು ಹೊಡೆದರೆ ಎಲ್ಲ ಪುಡಿ. ವರ್ಷಗಟ್ಟಲೆ ಅವಳನ್ನು 'ಅತಿಥಿ' ಉಪನ್ಯಾಸಕಿಯಾಗಿಯೇ ದುಡಿಸಿಕೊಂಡ ಕಾಲೇಜು, ಪಾಠ ಹೇಳುವವಳನ್ನು ಒಂದು ಮಾತು ಕೇಳುವ ಮರ್ಯಾದೆಯನ್ನೂ ತೋರಿರಲಿಲ್ಲ.

ಪಾಲಿಶ್ ಶೆಡ್ಡಿನವರು ಫೋನ್ ಎತ್ತಲಿಲ್ಲ. ಹರಿಪ್ರಿಯಾ ಕಮಲಾಪುರದ ಬಸ್ ಹತ್ತಿದಳು.

ಶೆಡ್ಡಿನ ಗೋಡೆಗೆ ಆನಿಸಿಟ್ಟ ಕಲ್ಲು ಥಳಥಳ ಹೊಳೆಯುತ್ತಿತ್ತು. ಅವಳು ಅದರತ್ತ ಓಡಿದಳು.

"ಉಜ್ಜಿಬಿಟ್ರೇನ್ರೀ?"

"ಅರೆ, ಅದು ಹಿಂದಿನ ಬಾಜು ರೀ ಮೇಡಂ," ಎಂದು ಪಾಲಿಶಿನ ಶಫಿ ಕಲ್ಲು ತಿರುಗಿಸಿದ. ಲಿಲ್ಲಿ ಗರಿಸಮೇತ ಕ್ಷೇಮವಾಗಿತ್ತು.

"ಇಂಥಾ ಬಾರೀಕ್ ನಕ್ಷಿ ಉಜ್ಜಿದ್ರ ಕೆತ್ತಿದಾವ ಶಾಪ ಹಾಕ್ತಾನಂತ ನಾನ ಬೈದೆ," ಎಂದಳು ಅವನ ಹೆಂಡತಿ ಲತೀಫಾ. "ಇವರ ಕೈಯಾಗ ಬಿಟ್ರ ನನ್ನ ಮಾರಿನೂ ಸಪಾಟ ಮಾಡ್ತಾರ!"

"ಕೆತ್ತಿದಾವ ಯಾರೂ ಇಲ್ರೀ, ಇದು ಜೀವ ಇದ್ದದ್ದು," ಎಂದು ಹರಿಪ್ರಿಯಾ ನಕ್ಕಳು. ನಗುತ್ತಲೇ ಕಲ್ಲಿನ ಹೊಳೆಯುವ ಬೆನ್ನಿನತ್ತ ಬಗ್ಗಿದಳು. ಅಂಗಿಯ ಗುಂಡಿಗಳಂಥ ದುಂಡನೆಯ ಬಿಲ್ಲೆಗಳು ಅಲ್ಲಿ ಒತ್ತೊತ್ತಾಗಿದ್ದವು. ಮಬ್ಬಿನಲ್ಲಿ ಅವು ಎಂದೂ ಕಂಡಿರಲಿಲ್ಲ.

"ಇವೂ ಕಡಲಲಿಲ್ಲಿನೇ! ಸತ್ತ ಮ್ಯಾಲ ಮಾಂಸ ಕೊಳೀತದ, ದಂಟು ಬಿಚ್ಚಿ ಹಿಂಗ ಚೆಲ್ಲಾಪಿಲ್ಲಿ ಆಗ್ತದ. ಮುಂದಿನ ಬಾಜೂದು ಕೆಡೂಕಿಂತ ಮೊದಲ ಕೆಸರಾಗ ಹುಗದದ. ಅದಕ್ಕ ಇಡೀ ಉಳದದ."

"ಜಲ್ದಿ ಮಣ್ಣ ಕೊಡ್ರಿ ಅಂತ ನಮ್ಮ ಹಿರ್ಯಾರೂ ಹೇಳ್ತಾರ್ ರೀ," ಎಂದ ಶಫಿ ಗಂಭೀರವಾಗಿ.

ಕಲ್ಲು ನೆಟ್ಟಗೆ ನಿಲ್ಲಲು ಕಚ್ಚು ಕೊರೆದ ಪೀಠವೊಂದನ್ನು ಅವನಿಂದಲೇ ಮಾಡಿಸಿಕೊಂಡು ಅವಳು ಮರಳಿದಳು.

"ಹೊಳಿಯೂ ಬಾಜು ಮುಂದ ಇಡ್ರಿ," ಎಂದರು ಗುರುಪ್ರಸಾದ.

"ರೂಮಿನ ನಟ್ಟನಡು ಇಟ್ಟೀನಿ ಸರ್. ಸುತ್ತ ಹಾಕಿ ನೋಡ್ರಿ."

ಗೊಣಗುತ್ತಲೇ ಸುತ್ತು ಬಂದ ಪ್ರಿನ್ಸಿಪಾಲರು ಲಿಲ್ಲಿಯ ಎದುರು ನಿಂತು, ಕನ್ನಡಕ ತೆಗೆದು ಒರೆಸಿಕೊಂಡರು. ಹರಿಪ್ರಿಯಾ ಕುರ್ಚಿ ಎಳೆದುಕೊಟ್ಟು ಪಾಠ ಶುರು ಮಾಡಿದಳು.