ವಾರದ ಕರೆಂಟು

ಚನ್ನಗಿರಿಯಲ್ಲಿ ಹಾಲಿನವರ ಸೈಕಲ್ಲುಗಳೂ ಇನ್ನೂ ಹೊರಟಿಲ್ಲ. ಧರ್ಮಾರ್ಥ ಚಿಕಿತ್ಸಾಲಯದ ಹಿಂಬದಿಯ ಕೋಣೆಯ ಬೀಗ ತೆಗೆದ ಗಾದ್ರಮ್ಮ ಮೊದಲು ಸ್ವಿಚ್ಚು ಒತ್ತಿ ಬಲ್ಬಿನ ಮುಖ ನೋಡುತ್ತಾರೆ. ಬೆಳ್ಳಗೆ ಉರಿದರೆ ನೋವಿನ ಹೆಗಲಿಗೆ ಕರೆಂಟು ಕೊಡುವ ಮಿಷನ್ನಿಗೆ ಸಾಲುವಷ್ಟು ಬರುತ್ತಿದೆ, ಕೆಂಪಗೆ ಉರಿದರೆ ಬಂದವರು ವಾಪಸ್ಸು ಹೋಗಬೇಕು. ಇವತ್ತು ಬೆಳ್ಳಗೇ ಉರಿಯುತ್ತಿದೆ. ಒಂಬತ್ತಕ್ಕೆ ಕರೆಂಟು ಹೇಗೂ ಹೋಗುತ್ತದೆ, ಅದಕ್ಕೇ ಇಲ್ಲಿ ಚಿಕಿತ್ಸೆ ಐದೂವರೆಗೇ ಶುರು.

ಬಟ್ಟೆಯ ಪಟ್ಟಿಗಳನ್ನು ಉಪ್ಪುನೀರಿನಲ್ಲಿ ಅದ್ದಿ ಹಿಂಡಿ, ಮೊದಲು ಬಂದವರ ಹೆಗಲಿಗೊಂದು, ಬೆನ್ನಿನ ರೆಕ್ಕೆಮೂಳೆಗೊಂದು ಇಟ್ಟು, ಮಿಷನ್ನಿನ ತಂತಿ ಸೇರಿಸಿ ಕಟ್ಟುತ್ತಾರೆ. ಇವರು ನಿನ್ನೆ ರಾತ್ರಿಯ ಬಸ್ಸಿಗೇ ನ್ಯಾಮತಿಯಿಂದ ಬಂದ ಭೀಮಕ್ಕ. ಹದಿನೈದು ವರ್ಷ ಮೊರ ಎತ್ತಿ ಕಾಳು ತೂರಿದ ತೋಳು ಈಗ ಎದೆಯ ಮಟ್ಟಕ್ಕೇ ನಿಂತುಬಿಟ್ಟಿದೆ. "ಉಸಿರು ಬಿಗಿ ಹಿಡೀಬ್ಯಾಡ್ರಿ. ಇರುವೆ ಹರಿದಂಗೆ ಆಗ್ತೈತೆ, ಅಷ್ಟೇ" ಎಂದು ಗಾದ್ರಮ್ಮ ಗುಂಡಿ ಒತ್ತುತ್ತಾರೆ. ಹೆಗಲ ಮಾಂಸ ತನ್ನಷ್ಟಕ್ಕೆ ತಾನೇ ಗಂಟು ಕಟ್ಟುತ್ತದೆ. ಭೀಮಕ್ಕ ದೇವರನ್ನು ಕೂಗುತ್ತಾರೆ.

ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಬೇಕು, ಹತ್ತು ಎಣಿಸುವವರೆಗೆ ಬಿಡಬೇಕು. ತಾನಾಗಿಯೇ ಒತ್ತಿ ಬಿಡುವ ಭಾಗ ಎಪ್ಪತ್ತೊಂಬತ್ತನೇ ಇಸವಿಯಲ್ಲೇ ಕೆಟ್ಟಿದೆ. ರಿಪೇರಿಯವರು ಬರುತ್ತೇವೆ ಎಂದು ಬರೆದ ಕಾಗದ ಮಾತ್ರ ಬಂದಿದೆ. ಹಾಗಾಗಿ ಆ ಕೆಲಸವನ್ನು ಆರು ವರ್ಷದಿಂದ ಗಾದ್ರಮ್ಮನ ಹೆಬ್ಬೆರಳು ಮಾಡುತ್ತಿದೆ. ಒಬ್ಬರಿಗೆ ಇಪ್ಪತ್ತು ನಿಮಿಷ, ಎಂಬತ್ತು ಸಲ. ದಿನಕ್ಕೆ ಹತ್ತು ಜನ. ಇಷ್ಟಾಗಿಯೂ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು "ಕಸ ಗುಡಿಸುವವರು" ಎಂದು. ಹತ್ತು ಗಂಟೆಯ ಮೇಲೆ ಅವರು ಕಸವನ್ನೂ ಗುಡಿಸುತ್ತಾರೆ ಅನ್ನಿ.

ಜಗಳೂರಿನ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಪೊರಕೆ ಹಿಡಿದು ಇಲ್ಲಿ ಸೇರಿದರು. ಎಪ್ಪತ್ತನಾಲ್ಕರಲ್ಲಿ ಯಾರೋ ಪುಣ್ಯಾತ್ಮರು ಮಿಷನ್ನು ದಾನ ಕೊಟ್ಟರು, ಅದನ್ನು ನಡೆಸಲು ಬಂದ ಮೇಡಂ ಆರು ತಿಂಗಳಿದ್ದು ಹೊರಟುಹೋದರು. ಹೋಗುವ ಮುಂಚೆ ಎದುರಿಗೆ ಕಂಡವರಿಗೆ ಕಲಿಸಿದರು. ಎದುರಿಗೆ ಪೊರಕೆ ಹಿಡಿದು ನಿಂತಿದ್ದವರು ಗಾದ್ರಮ್ಮ. ತಿಂಗಳಿಗೆ ಎರಡು ಸಲ ಬರುವ ಡಾಕ್ಟರು ಚೀಟಿ ಬರೆದಿಡುತ್ತಾರೆ, ಉಳಿದದ್ದೆಲ್ಲ ಇವರದೇ.

"ಹೆಗಲಿನ ಒಳಗಡೆ ತೋಳು ಎತ್ತೋ ನಾರು ಐತಲ್ಲ, ಅದು ಸವೆದು ಊದಿರ್ತೈತೆ. ನೋವಿಗೆ ಹೆದರಿ ಮಾಂಸ ಕೆಲಸಾನೇ ಮರೀತೈತೆ. ಕರೆಂಟು ಅದನ್ನ ಎಬ್ಬಿಸ್ತೈತೆ ಅಷ್ಟೇ. ಶಕ್ತಿ ಬರಾಕೆ ದಿನಾ ಸ್ವಲ್ಪ ಸ್ವಲ್ಪ ಎತ್ತಬೇಕು" ಎನ್ನುತ್ತಾರೆ. ಶಕ್ತಿ ಅಳೆಯಲು ಅವರ ಹತ್ತಿರ ಇರುವುದು ತಕ್ಕಡಿಯ ಅರ್ಧ ಕೆ.ಜಿ. ತೂಕದ ಬಟ್ಟು. ಅದನ್ನು ಕೈಚೀಲಕ್ಕೆ ಹಾಕಿ ಕೊಟ್ಟು ಎಷ್ಟು ಸಲ ಎತ್ತುತ್ತಾರೆಂದು ನೋಡುತ್ತಾರೆ. ಹತ್ತು ದಿನ ಬಿಡದೆ ಬಂದವರಲ್ಲಿ ಎಷ್ಟೋ ಜನ ಎತ್ತಿದ್ದಾರೆ. ಆದರೆ ಹತ್ತು ದಿನ ಬಿಡದೆ ಬರುವವರು ಎಷ್ಟು ಜನ? ಹೊನ್ನಾಳಿಯಿಂದ, ಜಗಳೂರಿನಿಂದ ಕೂಲಿ ಬಿಟ್ಟು ದಿನಾ ಬಸ್ಸು ಹತ್ತಲು ಯಾರಿಗಾಗುತ್ತದೆ? ಸಂತೆಗೆ ಬಂದ ದಿನ ಹೆಗಲನ್ನೂ ತಂದು ತೋರಿಸಿ ಹೋಗುತ್ತಾರೆ.

ಈ ಕೋಣೆಯ ದೊಡ್ಡ ಸಂಕಟ ಹುಟ್ಟಿದ್ದೂ ಅಲ್ಲಿಂದಲೇ. ಗಾದ್ರಮ್ಮ ಅದನ್ನು ಮುಚ್ಚಿಡುವುದಿಲ್ಲ. "ನನ್ನ ಹೆಸರು ಬರೀತೀರಿ ಅಂದ್ರೆ ಇದನ್ನೂ ಬರೀಬೇಕು" ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾರೆ.

ಸೂಳೆಕೆರೆ ದಂಡೆಯ ಸಣ್ಣಪ್ಪ ಬೀಸುಬಲೆಯಲ್ಲಿ ಮೀನು ಹಿಡಿಯುವವನು. ನೆನೆದ ಬಲೆ, ಅಂಚಿಗೆ ಸೀಸದ ಗುಂಡು, ದಿನಕ್ಕೆ ನೂರು ಸಲ ಬೀಸಿದರೆ ಹೆಗಲು ಏನಾಗಬೇಡ? ಅವರ ದಂಡೆಯಲ್ಲಿ ಒಂದು ಕಟ್ಟುಪಾಡಿದೆ. ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ತೂಬಿನ ಬಾಯಲ್ಲಿ ಮೀನು ಕೂಡುತ್ತದೆ, ಅಲ್ಲಿ ಮನೆಗೆ ಎಂಟು ದಿನದಂತೆ ಪಾಳಿ. ಪಾಳಿಯ ದಿನ ಮನೆಯ ಯಜಮಾನನೇ ಬಲೆ ಬೀಸಬೇಕು. ಬೀಸದ ಮನೆಯ ಪಾಳಿ ಪಕ್ಕದ ಮನೆಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಎಂಬತ್ತೆರಡರಲ್ಲಿ ಡಾಕ್ಟರು ಸಣ್ಣಪ್ಪನಿಗೆ ದಿನವೂ ಕರೆಂಟು, ಮೂರು ತಿಂಗಳು ಬಲೆ ಮುಟ್ಟಕೂಡದು ಎಂದು ಬರೆದರು. ಆತ ಬಂದದ್ದು ಮೂರು ಸಂತೆ, ಮೂರೇ ಸಲ. ತೋಳು ಹೆಗಲಿನ ಮಟ್ಟಕ್ಕೆ ಏರಿತ್ತು, ಅರ್ಧ ಕೆ.ಜಿ.ಯನ್ನು ನಾಲ್ಕು ಸಲ ಎತ್ತಿದ್ದ. ನಾಲ್ಕನೆಯ ಸಂತೆಗೆ ಬಂದವನು ಕೈಮುಗಿದ.

"ನಾಡಿದ್ದಿಂದ ನಮ್ಮ ಮನೆ ಪಾಳಿ ಐತಕ್ಕಾ. ದಿನಾ ಬರಾಕೆ ಆಗಲ್ಲ. ವಾರದ ಕರೆಂಟು ಇವತ್ತೇ ಕೊಟ್ಟುಬಿಡ್ರಿ."

"ಹಂಗೆಲ್ಲ ಕೊಡಾಕೆ ಬರಲ್ಲ ತಮ್ಮಾ" ಎಂದರು ಗಾದ್ರಮ್ಮ. ಆತ ಅತ್ತುಬಿಟ್ಟ. ಇವರ ಕರುಳು ಕರಗಿತು. ಒಂಬತ್ತಕ್ಕೆ ಹೇಗೂ ಕರೆಂಟು ಹೋಗುತ್ತದೆ, ಅಲ್ಲಿಯವರೆಗೆ ಕೊಟ್ಟರಾಯಿತು ಎಂದುಕೊಂಡು ಎಂಟೂವರೆಗೆ ಎಲ್ಲರ ಕೊನೆಗೆ ಕೂರಿಸಿದರು. ಒಂದು ದಿನವೂ ತಪ್ಪದೆ ಹೋಗುತ್ತಿದ್ದ ಹಾಳು ಕರೆಂಟು ಅವತ್ತು ಹೋಗಲೇ ಇಲ್ಲ. ಏಳು ದಿನದ್ದೂ ಆಯಿತು, ಐನೂರ ಅರವತ್ತು ಸಲ. ಪಟ್ಟಿ ಬಿಚ್ಚಿದಾಗ ಹೆಗಲು ಮರಗಟ್ಟಿ, ನೋವೇ ಗೊತ್ತಾಗುತ್ತಿರಲಿಲ್ಲ. ಸಣ್ಣಪ್ಪ ತೋಳನ್ನು ನೇರ ತಲೆಯ ಮೇಲಕ್ಕೆ ಎತ್ತಿದ. ಎತ್ತಿ ಮಗುವಿನ ಹಾಗೆ ನಕ್ಕ. ಗಾದ್ರಮ್ಮನೂ ನಕ್ಕರು.

ನೋವು ಹೋದದ್ದನ್ನೇ ಬಲ ಬಂದದ್ದು ಎಂದು ಇಬ್ಬರೂ ನಂಬಿದರು. ದಣಿದ ಹೆಗಲು ಹೊತ್ತು ಆತ ಪಾಳಿಗೆ ಇಳಿದ. ಮೂರನೆಯ ಬೀಸಿಗೆ ಒಳಗೆ ಹಗ್ಗ ಹರಿದಂತೆ ಸದ್ದಾಯಿತಂತೆ. ಬಲೆ ನೀರಿಗೆ ಬಿತ್ತು, ತೋಳು ಜೋತುಬಿತ್ತು. ಪಾಳಿ ಪಕ್ಕದ ಮನೆಗೆ ಹೋಯಿತು. ಈಗ ಆತನ ರುಮಾಲನ್ನು ಹೆಂಡತಿ ಕರಿಬಸಮ್ಮ ಸುತ್ತಿ ಕಳಿಸುತ್ತಾರೆ.

ಗಾದ್ರಮ್ಮ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದರು. ನಾರು ಮೊದಲೇ ಸವೆದಿತ್ತು, ಇವತ್ತಲ್ಲ ನಾಳೆ ಹರಿಯುತ್ತಿತ್ತು ಎಂದು ಹೇಳಿ ಡಾಕ್ಟರು ಮುಂದಿನ ಚೀಟಿ ಬರೆಯತೊಡಗಿದರು. ಬೈಯಲೂ ಪುರುಸೊತ್ತಿಲ್ಲದ ಮನುಷ್ಯ. ಆ ಸಮಾಧಾನ ಇವರ ಗಂಟಲಲ್ಲಿ ಇಳಿದಿಲ್ಲ. ಮೂರು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಗುಂಡಿ ಒತ್ತುತ್ತಾರೆ. ಇದರಿಂದ ಯಾರಿಗೆ ಎಷ್ಟು ಒಳ್ಳೆಯದಾಗುತ್ತಿದೆ ಎಂದು ಕೇಳಿದರೆ, "ನನಗೇನು ಗೊತ್ತು ರೀ, ವಾಸಿ ಆದೋರು ತಿರುಗಿ ಬರಲ್ಲ, ಆಗದೋರೂ ಬರಲ್ಲ" ಎನ್ನುತ್ತಾರೆ.

ಸಣ್ಣಪ್ಪ ಮಾತ್ರ ಬರುತ್ತಾನೆ. ಇವತ್ತೂ ಸಂತೆ. ಒಂಬತ್ತರ ಹೊತ್ತಿಗೆ ಬೆಂಚಿನ ಕೊನೆಯಲ್ಲಿ ಕೂತಿದ್ದಾನೆ. ಹರಿದ ನಾರಿಗೆ ಕರೆಂಟು ಕೊಟ್ಟು ಉಪಯೋಗವಿಲ್ಲ ಎಂದು ಡಾಕ್ಟರು ನಿಲ್ಲಿಸಿ ಮೂರು ವರ್ಷವಾಯಿತು.

"ಅವತ್ತು ಇನ್ನೊಂದು ವಾರದ್ದು ಕೊಟ್ಟಿದ್ರೆ ನಿಲ್ತಿತ್ತಕ್ಕಾ" ಎನ್ನುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಬರೀ ಬೇಡಿಕೆ. "ನೀವು ಬೇಗ ಕೈಬಿಟ್ರಿ."

"ಜಾಸ್ತಿ ಕೊಟ್ಟಿದ್ದಕ್ಕೇ ಹಂಗಾತು ತಮ್ಮಾ. ನಂದೇ ತಪ್ಪು."

"ನೀವು ಹಂಗನ್ನಬ್ಯಾಡ್ರಿ. ದೇವರಂಥೋರು ನೀವು. ಸಾಲಲಿಲ್ಲ ಅಷ್ಟೇ."

ಆತ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾನೆ. ಬಲ್ಬು ಆರುತ್ತದೆ. ಗಾದ್ರಮ್ಮ ಪಟ್ಟಿಗಳನ್ನು ಹಿಂಡಿ ಹಗ್ಗದ ಮೇಲೆ ಹರವುತ್ತಾರೆ. ಅವರಿಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಹೊಸ ಮಿಷನ್ನು, ಸಂಬಳ, ಹಾಜರಿ ಪುಸ್ತಕದಲ್ಲಿ ಸರಿಯಾದ ಹುದ್ದೆ, ಯಾವುದೂ ಅವರ ಬಾಯಿಗೆ ಬರುವುದಿಲ್ಲ. ಕೊನೆಯ ಪಟ್ಟಿ ಹರವಿ ಬೆಂಚಿನ ಕಡೆ ತಿರುಗುತ್ತಾರೆ.

"ಸಾಯೋದರೊಳಗೆ ಒಂದು ದಿನ ಅವನು ನನ್ನ ಬೈಬೇಕು ರೀ. ಕಮ್ಮಿ ಕೊಟ್ಟೆ ಅಂತಲ್ಲ. ಕೊಟ್ಟೆ ಅಂತ."