ಗಾಳಿಯ ನಡುವೆಯೇ ಉಸಿರುಕಟ್ಟಿದವರು

ನಾನು ಪ್ರೀತಿಯಿಂದ ಉಸಿರುಕಟ್ಟಿಸಿ ಕೊಂದಿದ್ದೇನೆ. ಒಬ್ಬರನ್ನಲ್ಲ, ಕೋಟಿಗಟ್ಟಲೆ. ಅದೂ ಎರಡು ಸಲ.

(ಪೊಲೀಸರಿಗೆ ಫೋನ್ ಮಾಡಬೇಡಿ. ಸತ್ತವು ಬ್ಯಾಕ್ಟೀರಿಯಾ.)

ಮಾನಂದವಾಡಿಯಲ್ಲಿ ನಮ್ಮದೊಂದು ಪುಟ್ಟ ಘಟಕವಿದೆ. ಮೆಣಸಿನ ಬಳ್ಳಿಯ ಬೇರು ಕೊಳೆಯದಂತೆ ಕಾಯುವ ಬ್ಯಾಕ್ಟೀರಿಯಾವನ್ನು ಸ್ಟೀಲ್ ಟ್ಯಾಂಕಿನಲ್ಲಿ ಬೆಳೆಸುತ್ತೇವೆ. ಬೆಲ್ಲದ ನೀರು ಅವುಗಳ ಊಟ. ತಳದಿಂದ ಪಂಪು ಗಾಳಿ ಊದುತ್ತದೆ, ನಡುವೆ ಫ್ಯಾನಿನಂಥ ರೆಕ್ಕೆ ಕಲಕುತ್ತದೆ. ಈ ಸಲ ಗಡಿಯ ಊರಾದ ಬಾವಲಿ ಕಡೆಯ ಬೆಳೆಗಾರರು ಕಾಯುತ್ತಿದ್ದರು. ಮಳೆ ಹಿಡಿಯುವ ಮೊದಲು ಬುಡಕ್ಕೆ ಹಾಕದಿದ್ದರೆ ಬಳ್ಳಿಗಳ ಕಥೆ ಮುಗಿದಂತೆ.

ಚೆನ್ನಾಗಿ ಬೆಳೆಯಲಿ ಎಂದು ನಾನು ಬೆಲ್ಲ ಧಾರಾಳವಾಗಿ ಹಾಕಿದೆ. ಮೊದಲ ಬ್ಯಾಚ್ ಸತ್ತಿತು. ಎರಡನೆಯದಕ್ಕೆ ಪಂಪಿನ ವೇಗ ಹೆಚ್ಚಿಸಿದೆ. ಅದೂ ಸತ್ತಿತು. ಮೂರನೆಯದರ ಆಕ್ಸಿಜನ್ ಮೀಟರ್ ಒಂದು ಬೆಳಿಗ್ಗೆ ಸೊನ್ನೆಯತ್ತ ಇಳಿಯುತ್ತಿತ್ತು. ಗಾಳಿ ಭರ್ರೆಂದು ಹೋಗುತ್ತಿದೆ, ಮತ್ತೆ ಉಸಿರೇಕಿಲ್ಲ?

ನಮ್ಮಲ್ಲಿ ಟ್ಯಾಂಕ್ ತೊಳೆಯುವ ಗೌರಮ್ಮ ಚೇಚಿ (ಮಲಯಾಳದಲ್ಲಿ ಅಕ್ಕ) ಬಾವಲಿಯವರು. ಕಾಯುತ್ತಿದ್ದ ಬಳ್ಳಿಗಳಲ್ಲಿ ಅವರವೂ ಇದ್ದವು. ಟ್ಯಾಂಕಿನ ಗಾಜಿನ ಕಿಂಡಿಯಲ್ಲಿ ಇಣುಕಿ ನೋಡಿದರು.

"ಮೋಳೇ, ಇದು ಗಟ್ಟಿ ರಾಗಿ ಗಂಜಿ ಕುದ್ದಂಗೆ ಕುದೀತಾ ಅದೆ. ನಡೂಕೆ ಬುಳುಕ್ ಅಂತದೆ, ಅಂಚಲ್ಲಿ ಅಲ್ಲಾಡೋದೇ ಇಲ್ಲ. ಕೊರಚ್ಚು ನೀರು ಹಾಕು." (ಮೋಳೇ ಎಂದರೆ ಮಗಳೇ, ಕೊರಚ್ಚು ಎಂದರೆ ಸ್ವಲ್ಪ.)

ನಾನೂ ಇಣುಕಿದೆ. ನಾಚಿಕೆಯಾಯಿತು. ಬೆಲ್ಲ ಹೆಚ್ಚಾದಾಗ ಈ ಬ್ಯಾಕ್ಟೀರಿಯಾ ಲೋಳೆ ಕಟ್ಟುತ್ತದೆ. ದ್ರವ ಮಂದವಾದರೆ ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ಆಕ್ಸಿಜನ್ ಬಿಟ್ಟುಕೊಡದೆ ಮೇಲಕ್ಕೆ ಓಡಿಬಿಡುತ್ತವೆ. ರೆಕ್ಕೆಯ ಕಲಕಾಟ ಅಂಚಿಗೆ ಮುಟ್ಟುವುದೇ ಇಲ್ಲ. ದ್ರವದ ಈ ಮಂದತನದ, ಅಂದರೆ ವಿಸ್ಕಾಸಿಟಿಯ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಮಾರ್ಕ್ಸ್ ಗಿಟ್ಟಿಸಿದವಳು ನಾನು!

ಕುದಿಸಿ ಆರಿಸಿದ ನೀರನ್ನು ಮೆಲ್ಲಗೆ ಬಿಟ್ಟೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲೊಂದು ಅಲೆ. ದಪ್ಪ ಗುಳ್ಳೆಗಳು ಒಡೆದು ಸಾಸಿವೆಯಷ್ಟಾದವು, ಇಡೀ ಟ್ಯಾಂಕ್ ಬೆಳ್ಳಗೆ ಮಂಜು ಕವಿದಂತಾಯಿತು. ಮೀಟರಿನ ಅಂಕಿ ಏರತೊಡಗಿತು. ಕಣ್ಣಿಗೆ ಕಾಣದ ಒಂದು ಲೋಕಕ್ಕೆ ಲೋಕವೇ ನಮ್ಮೆದುರು ಉಸಿರೆಳೆದುಕೊಂಡಿತ್ತು.

"ಬದುಕ್ತಾವಾ?" ಗೌರಮ್ಮ ಚೇಚಿ ಪಿಸುಗುಟ್ಟಿದರು.

ಬದುಕಿದವು. ಮಳೆಗೆ ಮೊದಲೇ ಬಾವಲಿ ತಲುಪಿದವು. ಚೇಚಿಯ ತೋಟಕ್ಕೆ ನಾನೂ ಹೋಗಿದ್ದೆ. ಬ್ಯಾಕ್ಟೀರಿಯಾದ ನೀರಿನ ಕೊಡ ಎತ್ತಿದವರು ಸುರಿಯುವ ಮೊದಲು ಕೇಳಿದರು: "ಇದರಲ್ಲಿ ಎಷ್ಟು ಜೀವ ಇರಬೋದು ಮೋಳೇ?"

"ಒಂದು ಚಮಚದಲ್ಲೇ ನಮ್ಮ ದೇಶದ ಜನಕ್ಕಿಂತ ಹೆಚ್ಚು."

ಅವರು ಕೊಡವನ್ನೇ ನೋಡುತ್ತಾ ನಿಂತರು. "ಅಷ್ಟೂ ಉಸಿರಾಡ್ತಾ ಅವೆಯಾ? ಹಂಗಾದ್ರೆ ಮೆಲ್ಲಕೆ ಸುರೀಬೇಕು."

ಚಪ್ಪಲಿ ಕಳಚಿ, ಮೊಣಕಾಲೂರಿ, ಕೊಡದ ಬಾಯಿಯನ್ನು ಮಣ್ಣಿಗೆ ತಾಗಿಸಿ ಸುರಿದರು.

ಇಷ್ಟು ವರ್ಷ ಅವುಗಳನ್ನು ಬೆಳೆಸಿದ ನಾನು ಒಂದು ದಿನವಾದರೂ ಹಾಗೆ ಬಗ್ಗಿದ್ದೆನೇ?