ತಳಕಲ್ ಸ್ಟೇಷನ್ನಿನಲ್ಲಿ ಬಿಚ್ಚಿದ ಬುತ್ತಿ

ತಾವರಗೇರಾದಿಂದ ಬೆಳಗಿನ ಬಸ್ಸು ಹತ್ತಿದಾಗ ನನ್ನ ಪಕ್ಕದಲ್ಲಿ ಚೀನಾ ದೇಶದ ಒಬ್ಬ ಹೆಣ್ಣುಮಗಳಿದ್ದಳು. ಹೆಸರು ಲಿನ್. ಅರವತ್ತರ ಆಸುಪಾಸು, ಮೋಟು ಬಿಳಿಗೂದಲು, ಬೆನ್ನಿಗೊಂದು ಚೀಲ. ಎರಡು ದಿನ ನಮ್ಮ ಮನೆಯಲ್ಲಿದ್ದು ತನ್ನ ದೇಶಕ್ಕೆ ಹೊರಟಿದ್ದಳು. ಕೊಪ್ಪಳದವರೆಗೆ ಕಳಿಸಿ ಬರುತ್ತೇನೆಂದು ನಾನೂ ಹೊರಟೆ.

ಮಗಳು ರೇಣುಕಾ ಬಾಗಿಲಲ್ಲೇ ಗೊಣಗಿದಳು. "ಯವ್ವಾ, ಮೊಣಕಾಲು ನೋವು ಅಂತ ಗುಡಿಗೆ ಬರಂಗಿಲ್ಲ ನೀನು. ಈಗ ಚೀನಾದಾಕಿ ಬೆನ್ನ ಹತ್ತಿ ಹೊಂಟೀಯಲ್ಲ?"

"ಗುಡಿ ಎಲ್ಲೂ ಓಡಿ ಹೋಗಂಗಿಲ್ಲ. ಈಕಿ ಹೊಂಟಾಳ," ಎಂದೆ.

ಈಕೆಯ ಗಂಡ ಚೆನ್, ಕೂದಲಿನ ವ್ಯಾಪಾರಿ. ಕೊಪ್ಪಳದ ಬಗಲಿಗೇ ಇರುವ ಭಾಗ್ಯನಗರದಲ್ಲಿ ಕೂದಲು ತೊಳೆದು, ಸಿಕ್ಕು ಬಿಡಿಸಿ, ಅಳತೆ ನೋಡಿ ಕಟ್ಟಿ ಹೊರದೇಶಕ್ಕೆ ಕಳಿಸುವ ಗೋದಾಮುಗಳಿವೆ. ಅಂಥದೊಂದರಲ್ಲಿ ನಾನು ಬಹಳ ವರ್ಷ ಅಡುಗೆ ಮಾಡಿದೆ. ಆತ ಪ್ರತಿ ವರ್ಷ ಬಂದು ತಿಂಗಳುಗಟ್ಟಲೆ ಮಾಳಿಗೆ ಕೋಣೆಯಲ್ಲಿ ಇರುತ್ತಿದ್ದ, ನನ್ನ ಕೈಯಡುಗೆಯನ್ನೇ ಉಣ್ಣುತ್ತಿದ್ದ, ಹರಕುಮುರುಕು ಕನ್ನಡವನ್ನೂ ಕಲಿತಿದ್ದ. ನಾವು ಅವನನ್ನು ಚೆನ್ನಪ್ಪ ಎಂದೇ ಕರೆದೆವು, ಅವನೂ ಹಾಗೇ ಓಗೊಟ್ಟ. ಹೋದ ವರ್ಷ ಗಂಟಲಿನ ಬೇನೆಯಿಂದ ತನ್ನ ಊರಲ್ಲಿ ತೀರಿಕೊಂಡನಂತೆ. ಈಗ ಅವನ ಹೆಂಡತಿ ನನ್ನನ್ನೇ ಹುಡುಕಿಕೊಂಡು ಬಂದಿದ್ದಳು.

ಏನೋ ಕೇಳಲು ಬಂದಿದ್ದಾಳೆ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಬಂದ ಕೂಡಲೇ ವಿಷಯ ಎತ್ತುವುದು ಅವರ ಕಡೆ ಮರ್ಯಾದೆಯಲ್ಲ. ಚೆನ್ನಪ್ಪನೂ ಹಾಗೇ ಇದ್ದ. ಉಪ್ಪು ಬೇಕಾದರೆ ಮೊದಲು ನನ್ನ ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದ. ಈಕೆ ತನ್ನ ಫೋನಿಗೆ ಚೀನೀ ಮಾತಾಡಿದರೆ ಅದು ಸಾಲಿ ಮಾಸ್ತರನ ಹಾಗೆ ಕನ್ನಡದಲ್ಲಿ ಹೇಳುತ್ತಿತ್ತು. ಎರಡು ದಿನ ಅದು ನನ್ನ ಮೊಣಕಾಲು, ಮಗಳು, ಮೊಮ್ಮಕ್ಕಳು, ಮಳೆ ಎಲ್ಲವನ್ನೂ ಕೇಳಿತು. ಅಸಲು ಮಾತು ಬರಲಿಲ್ಲ.

ನಾನೇನು ಕಡಿಮೆ ತಪ್ಪು ಮಾಡಲಿಲ್ಲ. ಅವಳು ಚಹಾದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಅಲ್ಲೇ ಕಾಗದ ಹರಿದು ಮೂಸಿ ನೋಡಿದೆ. ಅವಳು ನಾಚಿ ಆಚೆ ತಿರುಗಿದಳು. ಕೊಟ್ಟವರೆದುರು ಬಿಚ್ಚಬಾರದಂತೆ. ಊಟಕ್ಕೆ ಕೂತಾಗ ಕೈಗೆ ಸಿಗಲಿ ಎಂದು ಅನ್ನದ ಗುಪ್ಪೆಯಲ್ಲಿ ಚಮಚ ನೆಟ್ಟಗೆ ಚುಚ್ಚಿ ಕೊಟ್ಟೆ. ಅವಳ ಮುಖದ ಬಣ್ಣ ಇಳಿಯಿತು. ಮೆಲ್ಲಗೆ ಕಿತ್ತು ಅಡ್ಡ ಇಟ್ಟಳು. ಹಾಗೆ ಚುಚ್ಚುವುದು ಸತ್ತವರ ಎಡೆಗೆ ಮಾತ್ರವಂತೆ. ಇನ್ನು, ಪ್ರತಿ ಊಟದಲ್ಲೂ ತಾಟಿನಲ್ಲಿ ಒಂದು ತುತ್ತು ಬಿಟ್ಟೇ ಏಳುತ್ತಿದ್ದಳು. ನನ್ನ ನಾಲಿಗೆ ತುರಿಸುತ್ತಿತ್ತು. ಅತಿಥಿ ಎಂದು ತಡೆದುಕೊಂಡೆ.

ಬಸ್ಸಿನಲ್ಲಿ ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, "ಆಧಾರ್ ತೋರಸ್ರಿ ಯವ್ವಾ," ಎಂದ.

"ನಂದ ಐತಿ. ಈಕಿದು ಚೀನಾದಾಗ ಐತಿ, ತರಸಲೇನು?" ಎಂದೆ.

ಬಸ್ಸೆಲ್ಲ ನಕ್ಕಿತು. ನನಗೆ ಬಿಟ್ಟಿ ಟಿಕೆಟ್, ಅವಳಿಗೆ ಮೂವತ್ತೈದು ರೂಪಾಯಿ. ಕಿಟಕಿಯಾಚೆ ಸಜ್ಜೆ ಹೊಲಗಳು, ಒಣಗಾಳಿ. ಕುಷ್ಟಗಿಯಲ್ಲಿ ಇಳಿದ ಮೇಲೆ ಅವಳು ಫೋನು ಎತ್ತಿದಳು. "ಇಲ್ಲಿಂದ ಹಿಂದಿರುಗಿ. ದಯವಿಟ್ಟು ನನ್ನನ್ನು ಕಳಿಸಲು ಬರಬೇಡಿ." ಅವರ ಕಡೆ ಹೋಗುವವರು ಹೀಗೆ ಬೇಡ ಬೇಡ ಎನ್ನಬೇಕು, ಕಳಿಸುವವರು ಕೇಳಿಸದ ಹಾಗೆ ಜೊತೆಗೇ ನಡೆಯಬೇಕು. ಇದನ್ನು ಚೆನ್ನಪ್ಪನಿಂದಲೇ ಕಲಿತಿದ್ದೆ. ಕೇಳಿಸದ ಹಾಗೆ ನಡೆದೆ.

ಚಹಾದಂಗಡಿಯಲ್ಲಿ ಅವಳಿಗೆ ಬಿಸಿನೀರು ಕೇಳಿದೆ. ಗಂಡನ ಹಾಗೇ ತಣ್ಣೀರು ಮುಟ್ಟುವುದಿಲ್ಲ. ಅಂಗಡಿಯವನು ಕಪ್ಪು ಹಿಡಿದು ನಿಂತ. "ಪುಡಿ ಬ್ಯಾಡ, ಸಕ್ಕರಿ ಬ್ಯಾಡ, ಹಾಲು ಬ್ಯಾಡ. ಮತ್ತ ರೊಕ್ಕ ಯಾತಕ್ಕ ಇಸಗೊಳ್ಳಲಿ ಆಯಿ?"

"ಬೆಂಕಿಗೆ ಇಸಗೋ," ಎಂದೆ.

ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸೇ ಸಲೀಸು. ಆದರೆ ಕುಷ್ಟಗಿಗೆ ರೈಲು ಬಂದಾಗಿನಿಂದ ನಾನು ಹತ್ತಿರಲಿಲ್ಲ. ಅದೂ ಅಲ್ಲದೆ, ದಾರಿ ಉದ್ದವಾದರೆ ಇವಳು ಬಾಯಿ ಬಿಟ್ಟಾಳು ಎಂದು ನನ್ನ ಲೆಕ್ಕ. ರೈಲು ಹತ್ತಿದೆವು. ಯಲಬುರ್ಗಾ ದಾಟಿತು, ಅವಳು ಮಾತಾಡಲಿಲ್ಲ. ಕುಕನೂರು ದಾಟಿತು, ಆಗಲೂ ಇಲ್ಲ. ಚೀಲವನ್ನು ಎದೆಗವಚಿಕೊಂಡು ಹೊರಗೆ ನೋಡುತ್ತಿದ್ದಳು. ತಳಕಲ್‌ನಲ್ಲಿ ರೈಲು ಬದಲಿಸಲು ಇಳಿದೆವು. ಕೊಪ್ಪಳದ ರೈಲಿಗೆ ಇನ್ನೂ ಹೊತ್ತಿತ್ತು. ಬಿಸಿಲು ಏರಿತ್ತು. ನೆರಳಿನ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ರೊಟ್ಟಿ ಮುರಿದು ಅವಳ ಪಾಲನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟೆ.

ಅವಳು ಚಮಚದಿಂದ ನಿಧಾನಕ್ಕೆ ತಿಂದು, ಒಂದು ಚೂರು ರೊಟ್ಟಿ ಬಿಟ್ಟು, ಮುಚ್ಚಳ ಹಾಕಿದಳು. ಈಗ ನನಗೆ ತಡೆಯಲಾಗಲಿಲ್ಲ.

"ತಿನ್ನು ಬೇ, ಒಂದ ತುತ್ತು! ನಿನ್ನ ಗಂಡಾನೂ ಹಿಂಗ ಬಿಡ್ತಿದ್ದ. ಬೈದು ಬೈದು ಬಿಡಿಸೀನಿ ನಾನು. ಆಮ್ಯಾಲ ತಾಟು ತೊಳದಿಟ್ಟಂಗ ಮಾಡಿ ಏಳ್ತಿದ್ದ."

ಫೋನು ಇದನ್ನು ಚೀನೀಯಲ್ಲಿ ಹೇಳಿ ಮುಗಿಸಿತು. ಅವಳು ಡಬ್ಬಿ ಬದಿಗಿಟ್ಟಳು. ಆಮೇಲೆ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. "ನೀವು ಅವನಿಗೆ ಏನೆಂದು ಬೈದಿರಿ?"

"ಬಿಟ್ಟು ಎದ್ರ ಅಡಿಗಿ ಸೇರಲಿಲ್ಲ ಅಂತ ತಿಳೀತೀನಿ, ತಾಟು ಬರಿದಾದ್ರ ಹೊಟ್ಟಿ ತುಂಬೇತಿ ಅಂತ ತಿಳೀತೀನಿ ಅಂದೆ. ಯಾಕ?"

ಆಗ ಬಂತು ಆ ಮಾತು. ಅವಳ ದನಿ ನಡುಗುತ್ತಿತ್ತು, ಫೋನಿನ ದನಿ ಮಾತ್ರ ಒಂದೇ ಸಮ ಇತ್ತು.

"ನಮ್ಮ ಮನೆಯಲ್ಲಿ ಒಂದು ತುತ್ತು ಬಿಟ್ಟರೆ ಹೊಟ್ಟೆ ತುಂಬಿತು ಎಂದು ಅರ್ಥ. ಬರಿದು ಮಾಡಿದರೆ ಇನ್ನೂ ಬೇಕು ಎಂದು. ಇಲ್ಲಿಂದ ಬಂದ ಮೇಲೆ ಅವನು ಬರಿದು ಮಾಡುತ್ತಿದ್ದನು. ನಾನು ಮತ್ತೆ ಬಡಿಸುತ್ತಿದ್ದೆನು. ಅದನ್ನೂ ಬರಿದು ಮಾಡುತ್ತಿದ್ದನು. ನನ್ನ ಅಡುಗೆ ಸಾಲುತ್ತಿಲ್ಲವೇ ಎಂದು ಕೇಳಿದರೆ ಅವನ ಮುಖಕ್ಕೆ ಅವಮಾನ. ಕೇಳಲಿಲ್ಲ. ಕೊನೆಯ ದಿನ ನುಂಗಲು ಆಗದಿದ್ದರೂ ಗಂಜಿಯ ಬಟ್ಟಲನ್ನು ಪೂರ್ತಿ ಬರಿದು ಮಾಡಿದನು. ಇನ್ನಷ್ಟು ತರಲು ಒಳಗೆ ಹೋದೆನು. ಬರುವಷ್ಟರಲ್ಲಿ ಅವನು ಇರಲಿಲ್ಲ. ಹಸಿದು ಹೋದವರ ಜೀವ ಅಲೆಯುತ್ತದೆ ಎನ್ನುತ್ತಾರೆ. ಅವನು ಹಸಿದು ಹೋದನೇ? ಇಲ್ಲಿ ಅವನಿಗೆ ಉಣಿಸಿದವರಿಗೆ ಗೊತ್ತಿರಬಹುದು ಎಂದು ಬಂದೆನು."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಇಲ್ಲ ತಂಗಿ. ಹಸದು ಹೋಗಿಲ್ಲ. ಉಂಡು ಹೋಗ್ಯಾನ. ಹೊಟ್ಟಿ ತುಂಬೇತಿ ಅಂತ ನಿನಗ ಹೇಳೇ ಹೋಗ್ಯಾನ. ನಮ್ಮ ಪದ್ಧತಿಯೊಳಗ ಹೇಳ್ಯಾನ, ಅಷ್ಟ."

ಅವಳ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ಹಳಿಗಳ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಫೋನು ಹೇಳಿತು: "ಹಾಗಾದರೆ ನಾನು ಗಂಜಿ ತರಲು ಎದ್ದು ಹೋಗಬೇಕಾಗಿರಲಿಲ್ಲ."

ನಾನು ಅವಳ ಬೆನ್ನು ಸವರುತ್ತಾ ಕೂತೆ. ಅವಳು ಫೋನನ್ನು ಬೋರಲು ಹಾಕಿ, ಬಾಯಿಗೆ ಕೈ ಮುಚ್ಚಿಕೊಂಡು, ಸದ್ದಿಲ್ಲದೆ ಅತ್ತಳು.

ಕೊಪ್ಪಳ ಮುಟ್ಟುವವರೆಗೂ ಫೋನು ಚೀಲದಲ್ಲೇ ಇತ್ತು. ಸಂಜೆ ಅವಳಿಗೆ ಬೆಂಗಳೂರಿನ ರೈಲು. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ನನ್ನ ಕೈಚೀಲದ ಕಡೆ ಬೆರಳು ಮಾಡಿದಳು. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು, ಮಧ್ಯಾಹ್ನ ಬಿಟ್ಟಿದ್ದ ರೊಟ್ಟಿ ಚೂರನ್ನು ಬಾಯಿಗಿಟ್ಟುಕೊಂಡಳು. ಅದು ಒಣಗಿ ಬಿರುಸಾಗಿತ್ತು. ಅಗಿದಳು, ಅಗಿದಳು, ಗಂಟಲಲ್ಲಿ ಇಳಿಯಲೊಲ್ಲದು. ಸಾಕು, ಬಿಡವ್ವಾ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಹುಟ್ಟಿದಾಗಿನಿಂದ ಉಣ್ಣುವವರಿಗೆ ನಾನು ಆ ಮಾತು ಹೇಳಿದ್ದಿಲ್ಲ. ಅವಳು ನುಂಗಿದಳು. ಎರಡು ದಿನ ಚಮಚ ಬಿಡದವಳು, ಮೂಲೆಯಲ್ಲಿದ್ದ ಚಟ್ನಿಯನ್ನೂ ಬೆರಳಿಂದ ಬಳಿದು ತಿಂದಳು. ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ತುಸು ಬಾಗಿ, ನನಗೆ ಕೊಟ್ಟಳು.

"ಹೋಗಿ ಬಾರವ್ವಾ," ಎಂದೆ. ಈ ಸಲ ಅವಳು ಫೋನು ತೆಗೆಯಲಿಲ್ಲ. ರೈಲು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಮುಚ್ಚಳ ತೆಗೆದು ನೋಡಿದೆ. ತೊಳೆದಿಟ್ಟ ಹಾಗೆ ಇತ್ತು. ಬರಿದಾದ ಡಬ್ಬಿ ಕಂಡರೆ ನನಗೆ ಯಾವಾಗಲೂ ಖುಷಿ. ಅಂದು ಮಾತ್ರ ಚೆನ್ನಪ್ಪನ ಗಂಜಿ ಬಟ್ಟಲು ನೆನಪಾಗಿ, ಮುಚ್ಚಳ ಹಾಕಿ, ಕುಷ್ಟಗಿ ಬರುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.